ಬುಟ್ಟಿ ಬೇರೆ, ನಾನು ಬೇರೆ

ನನ್ನ ಹೆಸರು ರೋಹಿದಾಸ.
ಕಾರವಾರದ ಮೀನುಪೇಟೆಯಲ್ಲಿ ಅದು ಯಾರಿಗೂ ಬೇಕಾಗಿಲ್ಲ.
"ಪಿಗ್ಮಿ ಬಂತು" ಅನ್ನುತ್ತಾರೆ,
ಬಸ್ಸು ಬಂತು, ಕರೆಂಟು ಬಂತು ಅಂದ ಹಾಗೆ.
ಹದಿನಾರು ವರ್ಷದಿಂದ ಹೆಗಲಿಗೊಂದು ಚೀಲ,
ಈಗೀಗ ಚೀಲದೊಳಗೊಂದು ಯಂತ್ರ,
ಒತ್ತಿದರೆ ಇಷ್ಟುದ್ದ ಚೀಟಿ.
ರಾತ್ರಿ ಹುಣಸೆಹಣ್ಣು ಹಚ್ಚಿ ಉಜ್ಜಿದರೂ
ಕೈಬಿಟ್ಟು ಹೋಗದ ನೋಟಿನ ವಾಸನೆ:
ಹತ್ತಕ್ಕೆ ಬಂಗಡೆಯದು, ಐವತ್ತಕ್ಕೆ ಸಿಗಡಿಯದು.
ಐನೂರಕ್ಕೆ ಯಾವ ವಾಸನೆಯೂ ಇಲ್ಲ,
ಅದು ಈ ಓಣಿಗೆ ಹೊಸದು.

ಉಳಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.
ಕೋಡಿಬಾಗದ ಟೀಚರು ಪೇಸ್ಟಿನ ಟ್ಯೂಬಿನ ಹೊಟ್ಟೆ ಸೀಳಿ
ಇನ್ನೂ ನಾಲ್ಕು ದಿನ ಹಲ್ಲುಜ್ಜುತ್ತಾರೆ,
ಐದನೆಯ ದಿನ ರಿಯಾಯಿತಿ ಅಂದ ಕೂಡಲೆ
ಮೂರು ಸೀರೆ ಒಯ್ಯುತ್ತಾರೆ.
ಟೇಲರ್ ಮಕ್ಬೂಲ ಹಳೆ ಅಂಗಿಯ ಗುಂಡಿ ಬಿಚ್ಚಿ
ಬಾಟಲಿಗೆ ಹಾಕುತ್ತಾನೆ.
ಬಾಟಲಿ ತುಂಬಿ ಎಷ್ಟೋ ಕಾಲವಾಯ್ತು,
ಅವನ ಅಂಗಿಗೇ ಎರಡು ಗುಂಡಿಯಿಲ್ಲ.

ಮಾಣಕಿಯದು ಬೇರೆ ಲೆಕ್ಕ.
ಬೈತಖೋಲದಿಂದ ಬರುವಾಗ ಟೆಂಪೋ, ಹೋಗುವಾಗ ಕಾಲು.
"ಖಾಲಿ ಬುಟ್ಟಿಗೆ ಎಂತಕೆ ಟಿಕೇಟು, ಮಾರಾಯಾ?"
ಗ್ಯಾಸ್ ಸಿಲಿಂಡರಿನ ಮೈಮೇಲೆ ಸೀಮೆಸುಣ್ಣದಲ್ಲಿ ತಾರೀಖು;
ಅದು ಐವತ್ತು ದಿನ ಬಾರದಿದ್ದರೆ
ಸೊಸೆಯ ಜೊತೆ ಎರಡು ದಿನ ಮಾತಿಲ್ಲ.
ಮೀನು ತೊಳೆದ ನೀರು ತೆಂಗಿನ ಬುಡಕ್ಕೆ,
ತೆಂಗಿನಕಾಯಿ ಮೀನಿನ ಸಾರಿಗೆ,
ಕರಟ ಬಚ್ಚಲೊಲೆಗೆ.
"ನಿನ್ನ ಬ್ಯಾಂಕಿಗಿಂತ ಮರದ ಬಡ್ಡಿ ಜಾಸ್ತಿ" ಅನ್ನುತ್ತಾಳೆ,
ಅಂದರೂ ದಿನಾ ನಲವತ್ತು ಎಣಿಸುತ್ತಾಳೆ.

ಜೂನು ಜುಲೈ ಬೋಟು ಬಂದ್.
ಆ ಎರಡು ತಿಂಗಳನ್ನು ಅವಳು
ಜನವರಿಯಿಂದಲೇ ಒಣಗಿಸತೊಡಗುತ್ತಾಳೆ:
ಅಂಗಳದ ಚಾಪೆಯ ಮೇಲೆ ಶೆಟ್ಲಿ,
ನನ್ನ ಚೀಟಿಯ ಮೇಲೆ ನಲವತ್ತು, ನಲವತ್ತು, ನಲವತ್ತು.

ಮಾರುವುದು ಇಸ್ವಾಣ. ತಿನ್ನುವುದು
ಹೊಟ್ಟೆಯೊಡೆದು ಗಿರಾಕಿ ಬಿಟ್ಟುಹೋದ ತಾರ್ಲೆ.
ಒಮ್ಮೆ ಕೇಳಿದ್ದೆ, ಇಸ್ವಾಣ ಹೇಗಿರ್ತದೆ ಅಂತ.
"ಚೆನ್ನಾಗಿರ್ತದಂತೆ," ಅಂದಳು,
"ಗಿರಾಕಿ ಹೇಳ್ತಾರೆ."

ಮೇ ಕೊನೆಯ ವಾರ ಖಾತೆ ತುಂಬಿತು.
ಹದಿನಾಲ್ಕು ಸಾವಿರದ ಚಿಲ್ಲರೆ.
ಎಲೆಯಡಿಕೆ ಸಂಚಿಯ ಒಂದು ಪದರಕ್ಕೆ ಅಕ್ಕಿ,
ಒಂದಕ್ಕೆ ಮಾಡಿನ ತಾಡಪಾಲು, ಒಂದಕ್ಕೆ ಮೊಮ್ಮಗಳ ಶಾಲೆ.
ಎಲ್ಲ ಮುಗಿದ ಮೇಲೂ ಬೆರಳ ತುದಿಯಲ್ಲಿ
ಎರಡು ನೋಟು ನಿಂತೇ ಇದ್ದವು.
ಅವನ್ನೇ ನೋಡಿದಳು. ಆಮೇಲೆ ಬುಟ್ಟಿ ನೋಡಿದಳು.
ತಳದಲ್ಲಿ ಒಂದೇ ಒಂದು ತುಂಡು ಇಸ್ವಾಣ,
ಅಂಗೈಯಷ್ಟು, ನಡುವೆ ಬಿಳಿಯ ಮುಳ್ಳಿನ ಚುಕ್ಕಿ.

ಎದ್ದಳು. ಮಂಡಿ ಹಿಡಿದುಕೊಂಡು ಸುತ್ತಿಬಂದು
ಬುಟ್ಟಿಯ ಈಚೆ ನಿಂತಳು, ನಾವು ನಿಲ್ಲುವ ಕಡೆ.
"ಎಷ್ಟು?"
ಖಾಲಿ ಮಣೆಯ ಕಡೆಗೆ ಕೈ ತಿರುಗಿಸಿ ತಾನೇ,
"ಇನ್ನೂರು."
"ಇನ್ನೂರಾ! ಬೆಳಗಿನ ಮೀನು, ಕಣ್ಣು ನೋಡು."
"ತುಂಡಿಗೆ ಎಲ್ಲಿಯ ಕಣ್ಣು? ಬೇಕಾದರೆ ತಗೋ."
"ನೂರಾ ಅರವತ್ತು."
"ಆಗೂದಿಲ್ಲ."
ಹೋದ ಹಾಗೆ ಮಾಡಿ ನಾಲ್ಕು ಹೆಜ್ಜೆ ಹೋದಳು.
ಪಕ್ಕದ ಮಣೆಯವರು ನಗಲಿಲ್ಲ,
ಕತ್ತಿ ನಿಲ್ಲಿಸಿ ಕಾದರು.
ತನ್ನನ್ನು ತಾನೇ ಕರೆದುಕೊಂಡಳು:
"ಬಾ, ಕಡೆಯ ಮಾತು, ನೂರಾ ಎಂಬತ್ತು."

ನಾನೆಂದೆ: ನಿನ್ನದೇ ಮೀನಲ್ಲವಾ, ಸುಮ್ಮನೆ ಒಯ್ಯಬಾರದಾ?
ನನಗೆ ಎಣಿಸಲು ಬರುವುದಿಲ್ಲವೇನೋ ಅನ್ನುವ ಹಾಗೆ ನೋಡಿದಳು.
"ಬುಟ್ಟಿಯ ದುಡ್ಡು ಬೋಟಿನವರದು.
ಬುಟ್ಟಿ ಬೇರೆ, ನಾನು ಬೇರೆ."

ನೂರಾ ಎಂಬತ್ತು ಬುಟ್ಟಿಯ ಡಬ್ಬಿಗೆ ಬಿತ್ತು.
ಮೀನನ್ನು ಬಾಳೆಲೆಯಲ್ಲಿ ಸುತ್ತಿದಳು,
ಗಿರಾಕಿಗೆ ಸುತ್ತುವುದಕ್ಕಿಂತ ಒಂದು ಸುತ್ತು ಹೆಚ್ಚು.
ಆಮೇಲೆ ಮುಷ್ಟಿ ಬಿಚ್ಚಿ
ಚೌಕಾಸಿಯಲ್ಲಿ ಗೆದ್ದ ಇಪ್ಪತ್ತು ರೂಪಾಯಿ
ನನ್ನ ಕೈಗಿಟ್ಟಳು.
"ಹೊಸ ಖಾತೆ. ಬರಕೋ."

ಯಂತ್ರ ಒತ್ತಿದೆ. ಚೀಟಿ ಬಂತು.
ಕಮಿಷನ್ನು ನೂರಕ್ಕೆ ಮೂರು;
ಆ ಗೆಲುವಿನಲ್ಲಿ ನನ್ನ ಪಾಲು
ಅರವತ್ತು ಪೈಸೆ.